ಗೋಳಿಯ ಔಷಧಿ ಮತ್ತು ಒಂದು ಚೂರು ಬೆಲ್ಲ

“ಹುಳ ಉಂಟಂತೆ ಮಾರಾಯ್ತಿ! ಒಂದೆರಡಲ್ಲ, ರಾಶಿ ಉಂಟಂತೆ,” ಎಂದರು ಆರ್ಥರ್ ಅಂಕಲ್, ಫೋನನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತ.

ಕವನಾ ಇನ್ನೂ ವೆರಾಂಡದ ಮೆಟ್ಟಿಲು ಹತ್ತುತ್ತಿದ್ದಳು. ಬೆನ್ನಿಗೆ ಸ್ಕೂಲ್ ಬ್ಯಾಗು, ಕತ್ತಿನ ಹಿಂದೆ ಜೋತುಬಿದ್ದ ಸ್ಕೂಲ್ ಹ್ಯಾಟು, ಮುಖದ ತುಂಬ ಬೆವರು.

“ಯಾರಿಗೆ ಅಂಕಲ್?”

“ನನಗಾ ಮತ್ತೆ? ಗೋಳಿಗೆ! ಮೊನ್ನೆ ವೆಟ್ ಡಾಕ್ಟ್ರು ಬಂದು ಲದ್ದಿ ತಗೊಂಡು ಹೋದರಲ್ಲ, ಟೆಸ್ಟಿಗೆ ಅಂತ. ಈಗ ಫೋನ್ ಬಂತು. ದಿನಾ ಔಷಧಿ ಹಾಕಿಯೂ ಹುಳ ಎಲ್ಲಿಂದ ಬಂತು ಅಂತ ಅವರಿಗೂ ಅರ್ಥ ಆಗುದಿಲ್ಲ.”

ಗೋಳಿ ಅಂದರೆ ಅಂಕಲ್ ಸಾಕಿದ ಪುಟಾಣಿ ಕುದುರೆ. ಪೂರ್ತಿ ಹೆಸರು ಗೋಳಿಬಜೆ, ಅಂದರೆ ಎಣ್ಣೆಯಲ್ಲಿ ಕರಿದ ಹೊಂಬಣ್ಣದ ದುಂಡು ಬಜ್ಜಿ. ಮಂಗಳೂರಿನವರಾದ ಅಂಕಲ್, ಕುವೈತಿನಲ್ಲಿ ಇಪ್ಪತ್ತು ವರ್ಷ ದುಡಿದು ಆಸ್ಟ್ರೇಲಿಯಾದ ಪರ್ತ್‌ಗೆ ಬಂದವರು, ಅದರ ಬಣ್ಣವನ್ನೂ ಹೊಟ್ಟೆಯನ್ನೂ ನೋಡಿ ಆ ಹೆಸರಿಟ್ಟಿದ್ದರು. ಗೋಳಿಯ ಬೆನ್ನು ಕವನಾಳ ಸೊಂಟದಷ್ಟೇ ಎತ್ತರ. ಹಟ ಮಾತ್ರ ಆನೆಯಷ್ಟು.

ಅಂಕಲ್‌ಗೆ ಸೊಂಟದ ಆಪರೇಷನ್ ಆಗಿತ್ತು. ಹಿಡಿದುಕೊಂಡು ನಡೆಯುವ ಅವರ ವಾಕರ್ ಹಿತ್ತಲಿನ ಮರಳಲ್ಲಿ ಒಂದಡಿಯೂ ಉರುಳುವುದಿಲ್ಲ. ಅಂಕಲ್‌ನ ಹೆಂಡತಿ ಸೆಲಿನ್ ಆಂಟಿ ಮಗಳ ಬಾಣಂತನಕ್ಕೆಂದು ಅಡಿಲೇಡ್‌ಗೆ ಹೋಗಿದ್ದರು. ಬೆಳಗ್ಗೆ ಪಕ್ಕದವರು ಒಣಹುಲ್ಲು ಹಾಕುತ್ತಾರೆ, ಸಂಜೆ ಔಷಧಿ ಹಾಕುವವರು ಯಾರು ಎಂಬ ಮಾತು ಬಂದಾಗ, “ನಾನು! ನಾನು ಮಾಡ್ತೀನಿ, ಪ್ಲೀಸ್!” ಎಂದು ಕುಣಿದಿದ್ದವಳು ಕವನಾ.

ಒಂದು ದಿನ ಮಾಡಿದರೆ ಆಟ, ಇಪ್ಪತ್ತಾರು ದಿನ ಮಾಡಿದರೆ ಕೆಲಸ. ಇದು ಅವಳಿಗೆ ಎರಡನೇ ವಾರಕ್ಕೇ ಗೊತ್ತಾಯಿತು. ಸ್ಕೂಲು ಮುಗಿದ ಮೇಲೆ ಅಮ್ಮ ಬರುವವರೆಗೆ ಆಫ್ಟರ್ ಕೇರ್. ಅಲ್ಲಿಂದ ಅಮ್ಮನ ಕಾರಿನಲ್ಲಿ ಅಂಕಲ್ ಮನೆ. ಬಿಸಿಲು, ನೊಣ, ಲದ್ದಿ, ಮರಳು. ಆಮೇಲೆ ಪಿಯಾರಾ ವಾಟರ್ಸ್‌ನ ತಮ್ಮ ಮನೆ, ಹೋಮ್‌ವರ್ಕು. ಕುದುರೆಗೆ ಶನಿವಾರ ಭಾನುವಾರ ಅಂತ ಇರುವುದಿಲ್ಲ.

ಅಂಕಲ್ ಹೇಳಿದ್ದು ಎರಡೇ ಮಾತು. ಒಂದು ದಿನವೂ ಔಷಧಿ ತಪ್ಪಬಾರದು, ತಪ್ಪಿದರೆ ಹುಳಕ್ಕೆ ಬಾಗಿಲು ತೆರೆದ ಹಾಗೆ. ಮತ್ತೆ, ಸಕ್ಕರೆ ಮಾತ್ರ ಕೊಡಬಾರದು. “ಈ ಚಿಕ್ಕ ಕುದುರೆಗಳಿಗೆ ಸಕ್ಕರೆ ಹೆಚ್ಚಾದರೆ ಗೊರಸು ನೋಯ್ತದೆ. ನಡೀಲಿಕ್ಕೇ ಆಗುದಿಲ್ಲ.”

“ನೀನು ದಿನಾ ಹಾಕಿದ್ದೀಯಲ್ಲ?” ಅಂಕಲ್ ಈಗ ಕೇಳಿದರು.

“ಹಾಕಿದ್ದೀನಿ ಅಂಕಲ್.”

“ಹಾಗಾದ್ರೆ ಚಾರ್ಟ್ ತಗೊಂಡು ಬಾ. ವೆಟ್‌ಗೆ ಫೋಟೋ ಬೇಕಂತೆ. ಒಂದು ದಿನವೂ ತಪ್ಪಿಲ್ಲ ಅಂದ್ರೆ ಈ ಔಷಧಿ ಹುಳಕ್ಕೆ ತಾಗುದಿಲ್ಲ ಅಂತ ಅರ್ಥ. ಬೇರೆ ಸ್ಟ್ರಾಂಗ್ ಔಷಧಿ ಶುರು ಮಾಡ್ತಾರಂತೆ.” ಅವರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. “ಪಾಪದ್ದು. ಇನ್ನೂ ಎಷ್ಟು ಔಷಧಿ ತಿನ್ಬೇಕೋ.”

ಕವನಾ ಶೆಡ್ಡಿನ ಕಡೆ ನಡೆದಳು. ಗೇಟಿನಾಚೆ ಕಾರಿನಲ್ಲಿ ಅಮ್ಮ ಸೀಟು ಹಿಂದಕ್ಕೆ ಒರಗಿಸಿ ಮಲಗಿಬಿಟ್ಟಿದ್ದಳು. ಕವನಾಳ ಅಮ್ಮ ಗೀತಾ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗ್ಗೆ ಐದೂವರೆಗೇ ಹೊರಡುತ್ತಾಳೆ. ಇವತ್ತು ಕವನಾಳನ್ನು ಕರೆದೊಯ್ಯಲು ಅರ್ಧ ಗಂಟೆ ಲೇಟಾಗಿ ಬಂದಿದ್ದಳು.

“ವೈ ಸೋ ಲೇಟ್ ಅಮ್ಮ?” ಎಂದು ಕವನಾ ಸಿಡುಕಿದ್ದಳು.

“ಒಬ್ರು ಅಜ್ಜಿ ಮಾತ್ರೆ ನುಂಗ್ಲಿಲ್ಲ ಕಣೆ. ಕೆನ್ನೆ ಒಳಗೆ ಇಟ್ಕೊಂಡು ಕೂತ್ಬಿಟ್ರು. ನುಂಗೋವರೆಗೂ ನಿಂತಿದ್ದೆ.”

“ಕೊಟ್ಟು ಬಂದ್ಬಿಡೋದಪ್ಪ! ದಟ್ಸ್ ಇಟ್!”

ಅಮ್ಮ ಇಂಡಿಕೇಟರ್ ಹಾಕಿ ಕಾರು ತಿರುಗಿಸಿದ್ದಳು.

ಶೆಡ್ಡಿನ ಬಾಗಿಲಿಗೆ ಅಂಟಿಸಿದ ಚಾರ್ಟಿನಲ್ಲಿ ಇಪ್ಪತ್ತಾರು ಹಸಿರು ಟಿಕ್‌ಗಳು ಸಾಲಾಗಿ ನಿಂತಿದ್ದವು. ಮೊದಲು ಇವತ್ತಿನದನ್ನು ಮುಗಿಸೋಣ ಎಂದು ಕವನಾ ತಟ್ಟೆಗೆ ಒಣಹುಲ್ಲಿನ ಚೂರು ಹಾಕಿದಳು. ಅಳತೆಯ ಲೋಟದಲ್ಲಿ ಸೆಲಿನ್ ಆಂಟಿ ನೇಲ್ ಪಾಲಿಶ್‌ನಿಂದ ಎಳೆದ ಕೆಂಪು ಗೆರೆಯವರೆಗೆ ಔಷಧಿಯ ಗುಳಿಗೆ ತುಂಬಿ ಸುರಿದಳು. ಆಮೇಲೆ ಬ್ಯಾಗಿನಿಂದ ಪುಟ್ಟ ಡಬ್ಬಿ ತೆಗೆದು, ಪುಡಿ ಮಾಡಿದ ಬೆಲ್ಲವನ್ನು ಮೇಲೆ ಉದುರಿಸಿದಳು.

ಹೌದು, ಬೆಲ್ಲ. ಐದನೇ ದಿನ ಗೋಳಿ ಔಷಧಿಯನ್ನು ಮೂಸಿ ನೋಡಿ, ಮುಖ ತಿರುಗಿಸಿಬಿಟ್ಟಿತ್ತು. ಆಗ ಕವನಾಳಿಗೆ ಮೈಸೂರಿನ ಅಜ್ಜಿ ನೆನಪಾದರು. ಅವಳಿಗೇ ಹುಳದ ಔಷಧಿ ಕುಡಿಸುವಾಗ ಅಜ್ಜಿ ನಾಲಿಗೆ ಮೇಲೆ ಮೊದಲು ಬೆಲ್ಲ ಇಟ್ಟಿದ್ದರು. ಅದೂ ಅಲ್ಲದೆ ಅಜ್ಜಿ ಯಾವಾಗಲೂ ಹೇಳುವುದೇ ಅದು: “ಸಕ್ಕರೆ ಬೇಡ, ಬೆಲ್ಲ ಹಾಕ್ಕೊಳ್ಳಿ, ಒಳ್ಳೇದು.” ಮನೆಯಲ್ಲಿ ಕಾಫಿಗೂ ಬೆಲ್ಲವೇ. ಅಂದಮೇಲೆ ಬೆಲ್ಲ ಸಕ್ಕರೆ ಹೇಗಾಗುತ್ತೆ? ಅಂಕಲ್ ಹತ್ತಿರ ಒಂದು ಮಾತು ಕೇಳಬಹುದಿತ್ತು. ಬೇಡ ಅಂದುಬಿಟ್ಟರೆ ಎಂದು ಕೇಳಿರಲಿಲ್ಲ.

ಬೆಲ್ಲ ಹಾಕಿದ್ದೇ ತಡ, ಗೋಳಿ ತಟ್ಟೆಯೊಳಗೆ ಮೂತಿ ಹುದುಗಿಸಿತ್ತು. ಅಂದಿನಿಂದ ಕವನಾ ತಟ್ಟೆ ಇಡುವುದು, ಲದ್ದಿ ಬಾಚುವುದು, ಟಿಕ್ ಹಾಕುವುದು, ಕಾರಿಗೆ ಓಡುವುದು. ನಿಂತು ನೋಡಲು ಯಾರಿಗೆ ಪುರುಸೊತ್ತು?

ಇವತ್ತು ಯಾಕೋ ಕಾಲು ಏಳಲಿಲ್ಲ. ನಿಂತು ನೋಡಿದಳು.

ಗೋಳಿ ಬೆಲ್ಲವನ್ನು ನೆಕ್ಕಿತು. ಆಮೇಲೆ ಅದರ ತುಟಿಗಳು ಕೆಲಸ ಶುರು ಮಾಡಿದವು. ಅಜ್ಜಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ಹಾಗೆ ಹುಲ್ಲನ್ನು ಒಳಕ್ಕೆಳೆದುಕೊಂಡು, ಗುಳಿಗೆಯನ್ನು ಒಂದೊಂದಾಗಿ ತಟ್ಟೆಯ ಅಂಚಿನಿಂದಾಚೆ ತಳ್ಳಿತು. ಟಪ್. ಟಪ್. ಬಿದ್ದ ಕಡೆಗೆ ಇರುವೆಗಳ ಸಾಲೊಂದು ಆಗಲೇ ಹೊರಟಿತ್ತು.

ಕವನಾ ಬಗ್ಗಿ ತಟ್ಟೆಯ ಕೆಳಗಿದ್ದ ರಬ್ಬರ್ ಮ್ಯಾಟನ್ನು ಎತ್ತಿದಳು. ಮ್ಯಾಟಿನ ಅಡಿಯಲ್ಲಿ, ಗೋಡೆಯ ಮೂಲೆಯಲ್ಲಿ, ಮರಳು ಮೆತ್ತಿಕೊಂಡ ಗುಳಿಗೆಗಳ ರಾಶಿ. ಕೆಲವು ಹಳೆಯವು, ಉಬ್ಬಿ ಬೆಳ್ಳಗಾಗಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಗೋಳಿ ಮುಂದಿನ ಒಂದು ಕಾಲೆತ್ತಿ ಇಟ್ಟಿತು. ಆಮೇಲೆ ಇನ್ನೊಂದು ಕಾಲೆತ್ತಿ ಇಟ್ಟಿತು. ನೊಣಕ್ಕೋ, ನೋವಿಗೋ? ಕವನಾ ಗೊರಸು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಪರ್ತ್‌ನ ಫೆಬ್ರವರಿ ಬೇಸಿಗೆಯಲ್ಲಿ ಎಲ್ಲವೂ ಬೆಚ್ಚಗೇ ಇರುತ್ತದೆ. ಅವಳಿಗೆ ಏನೂ ತಿಳಿಯಲಿಲ್ಲ.

ಗುಳಿಗೆಗಳ ಮೇಲೆ ಮರಳು ಎಳೆದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅಂಕಲ್ ಇಲ್ಲಿಗೆ ಬರಲು ಇನ್ನೂ ಒಂದು ತಿಂಗಳು ಬೇಕು. ಆದರೆ ಆ ಇಪ್ಪತ್ತಾರು ಟಿಕ್ ನಂಬಿ ವೆಟ್ ಗೋಳಿಗೆ ಇನ್ನೊಂದು ಔಷಧಿ ಕೊಡುತ್ತಾರೆ. ಗೋಳಿ ಅವಳ ಅಂಗೈಯನ್ನು ನೆಕ್ಕಿತು, ಇನ್ನೂ ಬೆಲ್ಲ ಇದೆಯೇ ಎಂದು. ಕವನಾಳಿಗೆ ಅಳು ಬಂತು.

ಬೆಲ್ಲ ಬಿದ್ದ ತಟ್ಟೆಯನ್ನು ಎತ್ತಿ ಮೇಲಿಟ್ಟಳು. ಬೆಲ್ಲದ ಡಬ್ಬಿ ಖಾಲಿ ಮಾಡಿ, ಅದರ ತುಂಬ ಮರಳು ಮೆತ್ತಿದ ಗುಳಿಗೆ ತುಂಬಿಕೊಂಡು, ಚಾರ್ಟು ಕಿತ್ತುಕೊಂಡು ವೆರಾಂಡಕ್ಕೆ ಬಂದಳು.

“ಅಂಕಲ್, ಫೋಟೋ ತೆಗೀಬೇಡಿ,” ಎಂದು ಡಬ್ಬಿ ಮುಂದೆ ಹಿಡಿದಳು. “ಗೋಳಿ ತಿಂದೇ ಇಲ್ಲ. ನಾನು ಹಾಕ್ದೆ, ಬಟ್... ತಿಂತಾ ಅಂತ ನೋಡ್ಲಿಲ್ಲ.”

ಅಂಕಲ್ ಡಬ್ಬಿಯೊಳಗೆ ಬೆರಳಾಡಿಸಿದರು. “ಎಷ್ಟು ದಿನ?”

“ಐ ಡೋಂಟ್ ನೋ. ಮತ್ತೆ... ಬೆಲ್ಲ ಹಾಕ್ತಿದ್ದೆ. ಡೈಲಿ. ಬೆಲ್ಲ ಶುಗರ್ ಅಲ್ವಲ್ಲ ಅಂಕಲ್?”

“ಕುದುರೆಗೆ ಎರಡೂ ಒಂದೇ.” ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ನನ್ನತ್ರ ಒಂದು ಮಾತು ಕೇಳ್ಬಹುದಿತ್ತು ನೀನು.”

ಅವರು ವೆಟ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ವೆಟ್ ಕೇಳಿದ್ದಕ್ಕೆ ಕವನಾಳೇ ಉತ್ತರ ಕೊಟ್ಟಳು: ಎಷ್ಟು ಬೆಲ್ಲ, ಗೋಳಿ ಹೇಗೆ ನಿಲ್ಲುತ್ತೆ, ಹೇಗೆ ನಡೆಯುತ್ತೆ. ಕೊನೆಗೆ ವೆಟ್, ಬೆಲ್ಲ ಇವತ್ತೇ ಬಂದ್ ಎಂದರು. ನಾಳೆ ಬೆಳಗ್ಗೆ ಬಂದು ಗೊರಸು ನೋಡುತ್ತೇನೆ, ಸ್ಟ್ರಾಂಗ್ ಔಷಧಿಯ ಮಾತು ಈಗ ಬೇಡ, ದಿನದ ಔಷಧಿಯನ್ನೇ ಹುಲ್ಲು ಒದ್ದೆ ಮಾಡಿ ಅದರೊಳಗೆ ಕಲಸಿ ಕೊಡಿ ಎಂದರು.

ಫೋನ್ ಇಟ್ಟು ಅಂಕಲ್ ಚಾರ್ಟನ್ನೂ ಪೆನ್ನನ್ನೂ ಅವಳ ಕಡೆ ಸರಿಸಿದರು. ಮೊದಲ ನಾಲ್ಕು ದಿನ ಹೊಸ ಉತ್ಸಾಹದಲ್ಲಿ ಕವನಾ ಗೋಳಿ ತಿಂದು ಮುಗಿಸುವುದನ್ನು ಕೂತು ನೋಡಿದ್ದಳು. ಆ ನಾಲ್ಕು ಟಿಕ್ ಬಿಟ್ಟು ಉಳಿದ ಇಪ್ಪತ್ತೆರಡನ್ನೂ ಹೊಡೆದುಹಾಕಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದಳು. ಕೈ ನೋಯುವಷ್ಟಿತ್ತು.

“ನಾನೂ ದಿನಾ ‘ಹಾಕಿದ್ಯಾ’ ಅಂತಲೇ ಕೇಳಿದ್ದು,” ಎಂದರು ಅಂಕಲ್ ಮೆಲ್ಲಗೆ. “ತಿಂತಾ ಅಂತ ನಾನೂ ಕೇಳ್ಲಿಲ್ಲ.”

“ನಾಳೆಯಿಂದ ನಾನು ಬರೋದು ಬೇಡ್ವಾ?”

“ಮತ್ತೆ ಯಾರು ಮಾಡುದು? ಈ ಗಾಡಿ ಹಿಡ್ಕೊಂಡು ನಾನು ಮರಳಲ್ಲಿ ಹೂತು ಹೋಗುದಾ? ಇವತ್ತಿನದ್ದೇ ಇನ್ನೂ ಆಗ್ಲಿಲ್ಲ. ಹೋಗು, ಹೋಗು.”

ಕವನಾ ತಟ್ಟೆ ತೊಳೆದಳು. ಹುಲ್ಲು ಒದ್ದೆ ಮಾಡಿ, ಗುಳಿಗೆ ಕಲಸಿ, ಕೈಯಿಂದ ಅದುಮಿ ಇಟ್ಟಳು. ಗೋಳಿ ಮೂಸಿ ನೋಡಿ, ಬೆಲ್ಲ ಎಲ್ಲಿ ಎಂಬಂತೆ ಅವಳನ್ನೇ ನೋಡಿತು. ಮುಖ ತಿರುಗಿಸಿತು.

ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

ಗೋಳಿ ಒಂದು ಬಾಯಿ ತಿಂದು ಬೇಲಿಯವರೆಗೆ ಹೋಗಿ ಬಂತು. ಇನ್ನೊಂದು ಬಾಯಿ ತಿಂದು ಸುಮ್ಮನೆ ನಿಂತಿತು. ಗುಳಿಗೆಯೊಂದು ಹೊರಗೆ ಬಿತ್ತು, ಕವನಾ ಹೆಕ್ಕಿ ಒಳಗೆ ಹಾಕಿದಳು. ಮತ್ತೆ ಬಿತ್ತು, ಮತ್ತೆ ಹಾಕಿದಳು. ಸಮುದ್ರದ ಕಡೆಯಿಂದ ಸಂಜೆಯ ಗಾಳಿ ಶುರುವಾಯಿತು. ಕಾಲು ಜೋಮು ಹಿಡಿಯಿತು, ಹೊಟ್ಟೆ ಹಸಿಯಿತು. “ದಮ್ಮಯ್ಯ ತಿನ್ನೇ,” ಎಂದಳು. ಗೋಳಿಗೇನು ಅವಸರ?

ಕೊನೆಗೆ ತಟ್ಟೆ ಖಾಲಿಯಾದಾಗ ಅಂಚಿನ ಸುತ್ತಲೂ ಬೆರಳಾಡಿಸಿ ನೋಡಿದಳು. ಮ್ಯಾಟ್ ಎತ್ತಿ ನೋಡಿದಳು. ಒಂದೂ ಇರಲಿಲ್ಲ. ವೆರಾಂಡಕ್ಕೆ ಬಂದು ಚಾರ್ಟಿನ ಇಪ್ಪತ್ತೇಳನೇ ಮನೆಯಲ್ಲಿ ಒಂದು ಟಿಕ್ ಹಾಕಿದಳು.

ಕಾರಿನ ಬಾಗಿಲಿನ ಸದ್ದಿಗೆ ಅಮ್ಮನಿಗೆ ಎಚ್ಚರವಾಯಿತು. “ಅಯ್ಯೋ, ಇಷ್ಟು ಹೊತ್ತಾಗ್ಬಿಡ್ತಾ? ಏನ್ಮಾಡ್ತಿದ್ದೆ ಇಷ್ಟೊತ್ತು?”

“ತಿಂದು ಮುಗಿಸೋವರೆಗೂ ಕೂತಿದ್ದೆ.”

ಅಮ್ಮ ಕೀಲಿ ತಿರುಗಿಸಲು ಹೋದವಳು ಅವಳ ಮುಖ ನೋಡಿದಳು.

“ಮನೆಗೆ ಹೋದ್ಮೇಲೆ ಬೆಲ್ಲದ ವಿಷಯ ಒಂದು ಹೇಳ್ಬೇಕು ಅಮ್ಮ,” ಎಂದಳು ಕವನಾ.

“ಆಯ್ತು, ನಿಧಾನಕ್ಕೆ ಹೇಳು.”

ಕಾರು ದೊಡ್ಡ ರಸ್ತೆಗೆ ಬಂತು.

“ಅಮ್ಮ, ಆ ಅಜ್ಜಿ ಕೊನೆಗೆ ನುಂಗಿದ್ರಾ?”

“ಹೂಂ, ನುಂಗಿದ್ರು. ಬಾಯಿ ತೆಗೆದು ತೋರಿಸಿದ್ರು.”

“ನಿಂತೂ ನಿಂತೂ ಕಾಲು ನೋಯ್ತಾ ನಿಂಗೆ?”

“ಸ್ವಲ್ಪ,” ಎಂದಳು ಅಮ್ಮ.