ಕಪ್ಪೆಚಿಪ್ಪು ಕುಡಿದ ನೀರು

ನಾಲ್ಕು ಕೊಡ ಬಚ್ಚಲಿಗೆ ತುಂಬಿದ್ದಾಗಿತ್ತು. ಕೊನೆಯ ಚರಿಗೆ ಹಿಡಿದು ಸೀಮಾ ಕಾಕಾನ ಗಾಜಿನ ತೊಟ್ಟಿಯ ಹತ್ತಿರ ಬಂದಳು.

"ನಿಂದ್ರವ್ವಾ! ಅದರಾಗ ಏನ್ ಹಾಕಾಕತ್ತೀ?"

ಬಾಗಿಲಲ್ಲಿ ದಾದಾಪೀರ ನಿಂತಿದ್ದ. ಹೆಗಲ ಮೇಲೆ ಫಿಲ್ಟರ್ ನೀರಿನ ಕ್ಯಾನು. ಅವನು ಕಾಕಾನ ಗೆಳೆಯ.

"ಬೋರಿನ ನೀರ್ರಿ ಮಾಮಾ. ಕ್ಯಾನ್ ಖಾಲಿ ಆಗಿತ್ತು. ಕಪ್ಪೆಚಿಪ್ಪು ಸಮುದ್ರದ್ದ ಅಲ್ಲೇನ್ರಿ, ಇದಕ್ಕ ಉಪ್ಪಿನ ಸವಳ ನೀರ ಚಲೋ ಅಂತ..."

"ಎಷ್ಟ ದಿನ ಆತು?"

"ಹದಿನೈದು."

ದಾದಾಪೀರ ಹಣೆ ಬಡಿದುಕೊಂಡ. "ತೊಟ್ಟ್ಯಾಗಿಂದ ಆರಿ ಹೋಗೋದು ಬರೇ ನೀರವ್ವಾ. ಉಪ್ಪು ಒಳಗ ಉಳೀತೈತಿ. ಅದರ ಮ್ಯಾಲ ನೀ ಸವಳ ನೀರ ಸುರದ್ರ ಹೆಂಗ?"

ಸೀಮಾ ತೊಟ್ಟಿಯೊಳಗೆ ನೋಡಿದಳು. ಬಣ್ಣದ ಹವಳಗಳ ನಡುವೆ, ಮರಳಿನಲ್ಲಿ ಅರ್ಧ ಹೂತ ಕಪ್ಪೆಚಿಪ್ಪು. ಐದು ದಿನದಿಂದ ಅದು ಬಾಯಿ ತೆರೆದಿರಲಿಲ್ಲ.

"ಸತ್ತೈತೇನ್ರಿ?" ಅವಳ ದನಿ ಸಣ್ಣಗಾಯಿತು.

"ಸತ್ತಿದ್ರ ಬಾಯಿ ತೆರದ ಬಿದ್ದಿರ್ತಿತ್ತು. ಬಿಗಿ ಹಿಡದೈತಿ ಅಂದ್ರ ಇನ್ನೂ ಜೀವ ಐತಿ."

ಫಕೀರೇಶ ಕಾಕಾ ನೌಕಾಪಡೆಯ ಟ್ರೇನಿಂಗಿಗೆ ಹೋಗಿ ಎರಡು ತಿಂಗಳಾಗಿತ್ತು. ಅಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ. ಎರಡು ಪತ್ರ ಬರೆದಿದ್ದ. ಎರಡರಲ್ಲೂ ಅದೇ ಮಾತು: "ನನ್ನ ಕಪ್ಪೆಚಿಪ್ಪು ಹೆಂಗೈತಿ, ಸೀಮಾ? ನೀನ ಬರಿ." ವಿಳಾಸ ಬರೆದ ಇನ್‌ಲ್ಯಾಂಡ್ ಲೆಟರು ಅವಳ ವಿಜ್ಞಾನದ ಪುಸ್ತಕದಲ್ಲಿ ಖಾಲಿಯಾಗಿ ಹಾಗೇ ಇತ್ತು.

"ಬರದ್ಯಾ?" ಅವ್ವ ಅವತ್ತೂ ಕೇಳಿದಳು.

"ಬಾಯಿ ತೆರೀಲಿ ತಡಿ. ಆರಾಮ ಐತಿ ಅಂತ ಬರೀತೇನಿ."

"ಪತ್ರ ಬರ್ಯಾಕೂ ಮುಹೂರ್ತ ನೋಡ್ತಾಳ ನೋಡ್ರಿ ಇಕಿ!"

ದಾದಾಪೀರ ಫಿಲ್ಟರ್ ನೀರಿಗೆ ಕಾಕಾನ ಪಾಕೀಟಿನ ಸಮುದ್ರದ ಉಪ್ಪು ಕದಡಿದ, ಗಾಜಿನ ಕೊಳವೆ ಬಿಟ್ಟು ಉಪ್ಪಿನ ಹದ ಅಳೆದ. ದಿನಕ್ಕೆ ಅರ್ಧ ಬಕೀಟು ಹಳೆ ನೀರು ಹೊರಗೆ, ಅರ್ಧ ಬಕೀಟು ಹೊಸದು ಒಳಗೆ. "ಒಮ್ಮಿಗೇ ಬದಲಿ ಮಾಡಿದ್ರ ಅದಕ್ಕ ಗಾಬರಿ ಆಗ್ತೈತಿ."

ಒಂದು ದಿನ, ಎರಡು ದಿನ, ಮೂರು ದಿನ. ಚಿಪ್ಪು ಕಲ್ಲಿನಂತೆ ಕೂತಿತ್ತು.

ನಾಲ್ಕನೇ ದಿನ ಶಾಲೆಯಿಂದ ಬಂದವಳು ಚೀಲ ಇಳಿಸುವುದನ್ನೇ ಮರೆತು ನಿಂತಳು.

ಚಿಪ್ಪು ಬೆರಳಗಲ ಬಿರಿದಿತ್ತು. ಅಂಚಿನಲ್ಲಿ ಲಂಗದ ನಿರಿಗೆಯಂಥ ತೆಳ್ಳನೆಯ ಮೈ ಅಲುಗುತ್ತಿತ್ತು. ಅದರಲ್ಲಿ ಎರಡು ಪುಟ್ಟ ತೂತು.

"ಉಸಿರ ಬಿಗಿ ಹಿಡದು ನೋಡು," ಅಂದ ನೀರು ಬದಲಿಸಲು ಬಂದಿದ್ದ ದಾದಾಪೀರ, ಪಾಚಿಯ ಹಸಿರು ಆಹಾರ ಎರಡು ಹನಿ ಬಿಟ್ಟು.

ಹಸಿರು ಹೊಗೆಯಂತೆ ಹರಡಿತು. ಆಮೇಲೆ ಎಳೆ ಎಳೆಯಾಗಿ ಒಂದು ತೂತಿನತ್ತ ಸರಿಯತೊಡಗಿತು. ಒಳಗೆ ಹೋಯಿತು. ಇನ್ನೊಂದು ತೂತಿನಿಂದ ತಿಳಿನೀರು ಹೊರಬರುತ್ತಿತ್ತು. ತಲೆಯಿಲ್ಲ, ಕೈಕಾಲಿಲ್ಲ, ಸದ್ದಿಲ್ಲ. ಆದರೂ ಹಸಿರೆಲ್ಲ ಕರಗುತ್ತಾ ಬಂತು. ಸೀಮಾ ಗಾಜಿಗೆ ಮೂಗು ಒತ್ತಿದಳು.

"ದಿನಾ ಹಿಂಗ ಕುಡೀತೈತ್ರಿ?"

"ಹೂಂ ಮತ್ತ. ಈ ತೊಟ್ಟಿ ನೀರೆಲ್ಲ ಇದರ ಹೊಟ್ಟಿ ಹಾದು ಬರ್ತೈತಿ."

ಸೀಮಾ ಮೂಲೆಯ ಚರಿಗೆಯತ್ತ ನೋಡಿದಳು. ಹಾಗಾದರೆ ತಾನು ಸುರಿದದ್ದೂ ಹೋಗಿತ್ತು ಅದರೊಳಗೆ. ಬೇಡ ಅನ್ನಲು ಅದಕ್ಕೆ ಬಾಯಿ ಮುಚ್ಚುವುದೊಂದೇ ಗೊತ್ತು.

ಅವಳು ಇನ್‌ಲ್ಯಾಂಡ್ ಲೆಟರು ತೆಗೆದಳು. "ಕಾಕಾ, ಆರಾಮ ಐತಿ" ಎಂದು ಶುರು ಮಾಡಲು ಹೋದ ಪೆನ್ನು ನಿಂತಿತು. ಮತ್ತೆ ಬರೆದಳು: "ಕಾಕಾ, ನಿನ್ನ ಕಪ್ಪೆಚಿಪ್ಪಿಗೆ ನಾನು ಹದಿನೈದು ದಿನ ಬೋರಿನ ನೀರು ಕುಡಿಸಿದೆ." ಆಮೇಲೆ ಹಸಿರು ಎಳೆಗಳದ್ದು, ಎರಡು ತೂತಿನದ್ದು, ತಿಳಿನೀರಿನದ್ದು. ಜಾಗ ಸಾಲದೆ ಅಂಚಿನಲ್ಲೂ ಬರೆದಳು.

ಅಂಟು ಆರುವ ಮೊದಲೇ ಬೆಟಗೇರಿಯ ಅಂಚೆ ಡಬ್ಬಿಯವರೆಗೆ ಓಡಿ, ತುದಿಗಾಲಲ್ಲಿ ನಿಂತು, ಪತ್ರವನ್ನು ಒಳಗೆ ಬಿಟ್ಟಳು.