ಮೇಲೆ ಧಣಿ, ಕೆಳಗೆ ದನಿ

ಚೀಟಿಯಲ್ಲಿ ಎದ್ದದ್ದು ಶಂಭುಲಿಂಗನ ಹೆಸರು. ಕುರ್ಚಿಯಿಂದ ಎದ್ದವರು ಮಾತ್ರ ಪ್ರಭುಲಿಂಗಪ್ಪ ಸಾವ್ಕಾರ್ರು.

ಚಹಾಪುಡಿಯ ಕಂಪನಿಯೊಂದು ಎರಡು ಸಾವಿರದ ಆರನೇ ಇಸವಿಯ ಚಳಿಗಾಲದಲ್ಲಿ ತನ್ನ ಜಾಹೀರಾತಿಗೆಂದು ಬಿಸಿಗಾಳಿಯ ಬಲೂನು ತರಿಸಿತ್ತು. ಮೊದಲ ರವಿವಾರ ಹಾವೇರಿ, ಎರಡನೆಯ ರವಿವಾರ ರಾಣೇಬೆನ್ನೂರು, ಮೂರನೆಯದು ಬ್ಯಾಡಗಿ. ಪ್ರತಿ ಊರಲ್ಲೂ ಒಬ್ಬ ಗಣ್ಯರಿಗೆ, ಒಬ್ಬ ಅದೃಷ್ಟವಂತ ಗಿರಾಕಿಗೆ ಬುಟ್ಟಿಯಲ್ಲಿ ನಿಂತು ಊರ ಮೇಲೆ ತೇಲುವ ಯೋಗ. ಪುಡಿಯ ಪಾಕೀಟಿನೊಳಗೆ ಬಂದ ಚೀಟಿಯ ಮೇಲೆ ಶಂಭುಲಿಂಗ ತನ್ನ ಹೆಸರು ಬರೆದು, ವಿಳಾಸದ ಜಾಗದಲ್ಲಿ ತಾನು ಗುಮಾಸ್ತನಾಗಿದ್ದ ಮೆಣಸಿನಕಾಯಿ ದಲಾಲಿ ಅಂಗಡಿಯನ್ನು ಬರೆದಿದ್ದ. ಮೂರೂ ಊರಿನ ಚೀಟಿಯನ್ನು ಹಾರಾಟಕ್ಕೆ ಮುಂಚೆಯೇ ಒಂದೇ ಸಮಾರಂಭದಲ್ಲಿ ಎತ್ತಿದರು. ಮೈಕಿನವನು "ಶಂಭುಲಿಂಗ, ಪ್ರಭುಲಿಂಗಪ್ಪನವರ ಅಂಗಡಿ" ಎಂದು ಕೂಗಿದ್ದೇ ತಡ, ಮೊದಲ ಸಾಲಿನಲ್ಲಿದ್ದ ಸಾವ್ಕಾರ್ರು "ನಮ್ಮ ಅಂಗಡೀಗೆ ಬಂತು" ಎನ್ನುತ್ತ ವೇದಿಕೆ ಹತ್ತಿ ಕೊರಳೊಡ್ಡಿದರು. ಹಾರವೂ ಅವರದೇ, ಹಾರಾಟವೂ ಅವರದೇ.

ಮರುದಿನ ಶಂಭುಲಿಂಗ ತಲೆ ಕೆರೆಯುತ್ತ ಕೇಳಿದ. "ಸಾವ್ಕಾರ್ರ, ಅದು ನನ್ನ ಹೆಸರಿಗೆ ಬಂದಿತ್ತರಿ."

"ಹೆಸರು ನಿಂದು ಖರೆ, ಅಂಗಡಿ ಯಾರ್ದಪಾ?" ಸಾವ್ಕಾರ್ರು ಗಾದಿಗೆ ಇನ್ನಷ್ಟು ಒರಗಿದರು. "ಮತ್ತ ನಿನಗೇನು ಕಡಿಮಿ ಮಾಡೇನಿ? ದಿನಾ ಗೋದಾಮಿನ ಮಾಳಗಿ ಹತ್ತಿಸ್ತೇನಿ. ಮೆಣಸಿನಕಾಯಿ ತಿರುವಿಕೋತ ನಿಲ್ಲು, ನಿನಗ ಅದ ವಿಮಾನ."

ಅಂಗಡಿಯಲ್ಲಿದ್ದ ಹಮಾಲರೆಲ್ಲ ನಕ್ಕರು. ಹಿರಿಯ ಹಮಾಲ ಮೌಲಾಸಾಬ ಒಬ್ಬನೇ ನಗದೆ ಬೀಡಿ ಕಡೆ ನೋಡಿದ. ಶಂಭುಲಿಂಗನೂ ನಕ್ಕ. ನಗುತ್ತಲೇ ಅಷ್ಟೂ ಜನರ ನಗುವನ್ನು ಒಂದೊಂದಾಗಿ ಕಿವಿಯಲ್ಲಿ ಎತ್ತಿಟ್ಟುಕೊಂಡ. ಅದು ಅವನ ಹುಟ್ಟುಗುಣ. ಯಾರದೇ ದನಿಯನ್ನು ಎರಡು ಸಲ ಕೇಳಿದರೆ ಮೂರನೆಯ ಸಲ ಅದು ಅವನ ಬಾಯಿಂದಲೇ ಬರುತ್ತಿತ್ತು.

ಈ ವಿದ್ಯೆ ಬ್ಯಾಡಗಿಯಲ್ಲಿ ಗೊತ್ತಿದ್ದದ್ದು ಒಬ್ಬರಿಗೇ, ಸಾವ್ಕಾರ್ರಿಗೆ. ಕೆಲಸಕ್ಕೆ ಸೇರಿದ ಮೂರನೇ ದಿನ ಅವನು ಖಾಲಿ ಅಂಗಡಿಯಲ್ಲಿ ಅವರ ಹಾಗೆಯೇ ಕೆಮ್ಮಿ, ಅವರ ಹಾಗೆಯೇ ಬೈಯುತ್ತಿದ್ದಾಗ ಅವರೇ ಹಿಂದಿನಿಂದ ಬಂದು ನಿಂತಿದ್ದರು. ಬೈಯಲಿಲ್ಲ. ಗಾದಿಯ ಮೇಲೆ ಕೂತು ಫೋನನ್ನು ಅವನ ಕಡೆ ಸರಿಸಿ, "ಊರಾಗ ಯಾರ ಮುಂದೂ ಇದನ್ನ ತೋರಸಬ್ಯಾಡ. ನಾಳಿಂದ ಫೋನ್ ನೀನ ಎತ್ತು" ಎಂದರು. ಅಂದಿನಿಂದ ಒಂಬತ್ತು ವರ್ಷ, ಧಣಿ ಒಳಗೆ ಮಲಗಿದರೆ ದನಿ ಹೊರಗೆ ದುಡಿಯಿತು. ಗುತ್ತಲದ ರೈತರಿಗೆ ಮಾತು ಕೊಟ್ಟದ್ದು ಶಂಭುಲಿಂಗ, ಹುಬ್ಬಳ್ಳಿಯ ಖರೀದಿದಾರರಿಗೆ ಗದರಿದ್ದು ಶಂಭುಲಿಂಗ. ರೇಡಿಯೋದವರು ಒಣಮೆಣಸಿನಕಾಯಿಯ ಬಗ್ಗೆ ಫೋನಿನಲ್ಲಿ ಸಂದರ್ಶನ ಮಾಡಿದಾಗ ಇಪ್ಪತ್ತು ನಿಮಿಷ ಮಾತಾಡಿದ್ದೂ ಅವನೇ. ಅದನ್ನು ಕೇಳಿ ಮೆಚ್ಚಿ ವರ್ತಕರು ಶಾಲು ಹೊದಿಸಿ ಸಂಘದ ಅಧ್ಯಕ್ಷರನ್ನಾಗಿ ಮಾಡಿದ್ದು ಪ್ರಭುಲಿಂಗಪ್ಪನವರನ್ನು. ಗಂಟಲು ಇವನದು, ಗಂಟು ಅವರದು.

ಹೀಗಾಗಿ ಕಳ್ಳತನದ ಯೋಚನೆ ಬಂದಾಗ ಶಂಭುಲಿಂಗನಿಗೆ ಅದು ಕಳ್ಳತನ ಅನ್ನಿಸಲೇ ಇಲ್ಲ. ಸಾವ್ಕಾರ್ರ ಹೆಂಡತಿ ಪ್ರೇಮವ್ವನ ಕಪಾಟಿನಲ್ಲಿ ಅವಳ ಅತ್ತೆಯ ಕಾಲದ ಬಂಗಾರದ ಡಾಬು ಇತ್ತು. ಮೂವತ್ತು ತೊಲೆಯ ಆ ಸೊಂಟಪಟ್ಟಿಯನ್ನು ಮದುವೆ ಮುಂಜಿಯಲ್ಲಿ ಊರೆಲ್ಲ ಕಂಡಿತ್ತು. ಕರಗಿಸಿದರೆ ಬಂಗಾರಕ್ಕೆ ಊರೂ ಇಲ್ಲ, ಹೆಸರೂ ಇಲ್ಲ. ಅದರಿಂದ ರಾಣೇಬೆನ್ನೂರಿನಲ್ಲಿ ಒಂದು ಬೀಜದ ಅಂಗಡಿ. ಬೋರ್ಡಿನ ಮೇಲೆ ತನ್ನ ಹೆಸರು. ಫೋನ್ ಬಂದರೆ ತನ್ನದೇ ದನಿಯಲ್ಲಿ "ಹಲೋ". ಮೂವತ್ತೆರಡು ವರ್ಷದ ಶಂಭುಲಿಂಗನಿಗೆ ಬೇಕಾದದ್ದು ಇಷ್ಟೇ. ತನ್ನ ದನಿಯಲ್ಲಿ ಹಲೋ ಅಂದು ಎಷ್ಟು ವರ್ಷವಾಯಿತೋ ಅವನಿಗೇ ನೆನಪಿರಲಿಲ್ಲ.

ಡಾಬು ತರುವ ದಾರಿ ಸರಳ. ಬಲೂನಿನಿಂದ ಸಾವ್ಕಾರ್ರೇ ಹೆಂಡತಿಗೆ ಫೋನ್ ಮಾಡಿದಂತೆ ಅವರ ದನಿಯಲ್ಲಿ ಫೋನ್ ಮಾಡುವುದು. ಮನೆಗೆ ದಾಳಿ ಬರುತ್ತದೆ ಎಂದು ಹೆದರಿಸಿ, ಡಾಬು ಹಿತ್ತಲಲ್ಲಿ ಇಡಿಸಿ, ಅವಳನ್ನು ಮನೆ ಬಿಡಿಸುವುದು. ಆಮೇಲೆ ಸಾವ್ಕಾರ್ರಿಗೆ ಇದು ಯಾರ ಕೆಲಸವೆಂದು ತಕ್ಷಣ ಹೊಳೆಯುತ್ತದೆ. ಹೊಳೆದರೇನು, ಹೇಳುವುದು ಹೇಗೆ? ನನ್ನ ದನಿ ನನ್ನ ಗುಮಾಸ್ತನದು ಎಂದು ಠಾಣೆಯಲ್ಲಿ ಬಾಯಿ ಬಿಟ್ಟರೆ, ಒಂಬತ್ತು ವರ್ಷ ಕೊಟ್ಟ ಮಾತೆಲ್ಲ ಯಾರದೆಂದು ಗುತ್ತಲದಿಂದ ಹುಬ್ಬಳ್ಳಿಯವರೆಗೆ ಕೇಳುತ್ತಾರೆ. ಶಾಲು ಹೋಗುತ್ತದೆ, ಅಧ್ಯಕ್ಷಗಿರಿ ಹೋಗುತ್ತದೆ. ಕಳ್ಳನ ಹೆಸರು ಗೊತ್ತಿದ್ದೂ ಹೇಳಲಾಗದ ಕಳ್ಳತನ. ಅವನಿಗೆ ಬಿ.ಕಾಂ.ನಲ್ಲಿ ಎರಡನೇ ದರ್ಜೆ ಬಂದಿತ್ತು. ಇದಕ್ಕೆ ತಾನೇ ಮೊದಲನೇ ದರ್ಜೆ ಕೊಟ್ಟುಕೊಂಡ.

ಹಾವೇರಿಯ ರವಿವಾರ ಅವನು ಮೊದಲ ಬಸ್ಸು ಹಿಡಿದು ಹೋಗಿ ಬಲೂನು ಏರುವುದನ್ನು ಹತ್ತಿರದಿಂದ ನೋಡಿದ. ಓಣಿಗಳಲ್ಲಿ ನಾಯಿ ಬಿಟ್ಟರೆ ಯಾರೂ ಉಳಿದಿರಲಿಲ್ಲ. ಊರಿಗೆ ಊರೇ ಮೈದಾನದಲ್ಲಿತ್ತು. ರಾಣೇಬೆನ್ನೂರಿನಲ್ಲಿ ಇನ್ನೂ ಹತ್ತಿರ ನಿಂತ. ಬುಟ್ಟಿಯ ಮೇಲಿನ ಒಲೆ ಉರಿದಾಗ ಎದೆ ನಡುಗುವ ಸಪ್ಪಳ, ಪಕ್ಕದವನ ಮಾತು ಕೇಳದಷ್ಟು. ನಾಲ್ಕೈದು ಸೆಕೆಂಡು ಉರಿ, ಆಮೇಲೆ ಅರ್ಧ ನಿಮಿಷ ಬಿಡುವು, ಮತ್ತೆ ಉರಿ. ಬಸ್ಸಿನಲ್ಲಿ ಮರಳುವಾಗ ಮೂಗಿಗೆ ಟವೆಲ್ಲು ಒತ್ತಿಕೊಂಡು ಆ ಸಪ್ಪಳವನ್ನು ಸಣ್ಣಗೆ ಅಭ್ಯಾಸ ಮಾಡಿದ. ಪಕ್ಕದಲ್ಲಿ ಕೂತಿದ್ದ ಮುದುಕಿ, "ಹೊಟ್ಟಿ ಸರಿ ಇಲ್ಲೇನು ತಮ್ಮಾ?" ಎಂದಳು.

ಬಲೂನು ತೆಂಗಿನ ಮರಕ್ಕಿಂತ ಮೂರು ಪಟ್ಟು ಎತ್ತರದಲ್ಲಿ, ನಡೆದು ಹೋಗುವವನ ವೇಗದಲ್ಲಿ ಸಾಗುತ್ತದೆ. ಮೇಲಿನವರಿಗೆ ಕೆಳಗಿನವರ ಗುರುತು ಸಿಗುತ್ತದೆ. ಇದನ್ನು ಕಂಡು ಬೇರೆ ಯಾರಾದರೂ ಅಂಜುತ್ತಿದ್ದರು. ಶಂಭುಲಿಂಗ ಹಿಗ್ಗಿದ. ಬ್ಯಾಡಗಿಯ ಗಣ್ಯರೆಂದು ಬುಟ್ಟಿ ಹತ್ತುವವರು ಫೌಜದಾರ ಪರಮೇಶಪ್ಪ. ಪೊಲೀಸರೇ ಆಕಾಶದಲ್ಲಿ. ಗೋದಾಮಿನ ಮಾಳಿಗೆಯ ಮೇಲೆ ಎಂದಿನಂತೆ ಮೆಣಸಿನಕಾಯಿ ತಿರುವುತ್ತಿರುವ ಗುಮಾಸ್ತನನ್ನು ಅವರೇ ಕಣ್ಣಾರೆ ನೋಡಲಿ. ಇದಕ್ಕಿಂತ ಎತ್ತರದ ಸಾಕ್ಷಿ ಯಾರಿಗೆ ಸಿಕ್ಕೀತು?

ಉಳಿದ ಸಣ್ಣಪುಟ್ಟದ್ದನ್ನೂ ಬಿಡಲಿಲ್ಲ. ಹುಬ್ಬಳ್ಳಿಯಲ್ಲಿ ಬೇರೆಯವರ ಹೆಸರಿನ ಸಿಮ್ ಕೊಂಡ. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಮುಖಕ್ಕೆ ಟವೆಲ್ಲು ಸುತ್ತುತ್ತಾರೆ. ಮೊಬೈಲನ್ನು ಅದರೊಳಗೆ ಕಿವಿಗೆ ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ, ಬಾಯಿ ಯಾರಿಗೂ ಕಾಣದು. ಆಕಾಶದಿಂದ ಮಾತಾಡುವವರು ಪಿಸುಗುಟ್ಟುವುದಿಲ್ಲ, ಒದರುತ್ತಾರೆ, ಆದ್ದರಿಂದ ಒದರಲೇಬೇಕು. ಸಾವ್ಕಾರ್ರ ಮನೆ ಮೂರು ಮನೆ ಆಚೆ. ಆದರೆ ಮಾಳಿಗೆಯ ಸುತ್ತ ಎದೆಮಟ್ಟದ ಗೋಡೆ. ಕುಕ್ಕರಗಾಲಲ್ಲಿ ಕೂತು ಒದರಿದರೆ ದನಿ ಯಾವ ದಿಕ್ಕಿಗೂ ಅಡ್ಡ ಹೋಗದು. ಶನಿವಾರ ಸಂಜೆ ಅಲ್ಲಿ ರೇಡಿಯೋ ಹಚ್ಚಿಟ್ಟು, ಓಣಿಗೆ ಇಳಿದು ಕಿವಿಗೊಟ್ಟು ಖಾತ್ರಿಯನ್ನೂ ಮಾಡಿಕೊಂಡ. ಭೂಮಿಯ ಮೇಲೆ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ರವಿವಾರ ಏಳೂವರೆಗೆ ಕಾಲೇಜು ಮೈದಾನದಿಂದ ಬಲೂನು ಎದ್ದಿತು. ಬ್ಯಾಡಗಿಯ ಮಾಳಿಗೆಗಳ ಮೇಲೆಲ್ಲ ಮೆಣಸಿನಕಾಯಿ ಹರವಿತ್ತು. ಆ ಕೆಂಪಿನ ಮೇಲೆ ಹಳದಿ ಬಲೂನು ಮದುಮಗಳ ಮೇಲಿನ ಅರಿಶಿನದುಂಡೆಯಂತೆ ತೇಲಿ ಬಂತು. ಮನೆಮನೆ ಖಾಲಿ. ಮಂಡಿನೋವಿನ ಪ್ರೇಮವ್ವ ಮಾತ್ರ ಎಲ್ಲೂ ಹೋಗುವವಳಲ್ಲ. ರೈಲ್ವೆ ಸ್ಟೇಷನ್ ದಾಟಿದ ಮೇಲೆ ಗಾಳಿ ಇಳಿದು, ಬಲೂನು ಸಾವ್ಕಾರ್ರ ಓಣಿಯ ಮೇಲೆ ಬಂದು ನಿಂತಲ್ಲೇ ತೂಗತೊಡಗಿತು. ಎಷ್ಟು ಹೊತ್ತು ನಿಂತರೆ ಅಷ್ಟು ಸಾಕ್ಷಿ ಎಂದುಕೊಂಡು ಶಂಭುಲಿಂಗ ಗುಂಡಿ ಒತ್ತಿದ. ಗೋಡೆಯಲ್ಲಿ ಮಳೆನೀರು ಹೋಗುವ ತೂತಿನಿಂದ ಸಾವ್ಕಾರ್ರ ಹಿತ್ತಲು ಚೊಕ್ಕ ಕಾಣುತ್ತಿತ್ತು.

"ಹಲೋ, ಯಾರ್ರಿ?"

"ಯಾರಂದ್ರ? ನಾ." ಮೊದಲು ಆ ಕೆಮ್ಮು, ಆಮೇಲೆ ಮಾತು. "ಹಿತ್ತಲಕ್ಕ ಬಂದು ಮ್ಯಾಲ ನೋಡು."

ವೈರಿಲ್ಲದ ಫೋನ್ ಹಿಡಿದು ಪ್ರೇಮವ್ವ ಕುಂಟುತ್ತ ಹಿತ್ತಲಿಗೆ ಬಂದಳು. "ಅಯ್ಯ, ಖರೇನ ಮ್ಯಾಲ ಅದೀರಲ್ರಿ. ಬಿ.ಪಿ. ಗುಳಿಗಿ ತಗೊಂಡೀರೋ ಇಲ್ಲೋ?"

"ಗುಳಿಗಿ ಸುಡ್ಲಿ. ಫೌಜದಾರ್ರು ಈಗ ನನ್ನ ಕಿವ್ಯಾಗ ಹೇಳಿದ್ರು. ಇವತ್ತ ನಮ್ಮ ಮನಿಗೆ ಇನ್‌ಕಮ್ ಟ್ಯಾಕ್ಸಿನೋರು ರೇಡಿಗೆ ಬರ್ತಾರಂತ."

"ಶಿವನ. ಮತ್ತ ಇಷ್ಟು ಒದರಾಕತ್ತೀರಲ್ಲ, ಬಾಜೂಕಿನೋರು ಕೇಳಿದ್ರ?"

"ಈ ಒಲಿ ಸಪ್ಪಳದಾಗ ನನ್ನ ಮಾತು ನನಗ ಕೇಳವಲ್ದು, ಬಾಜೂಕಿನೋರು ಎಲ್ಲಿ ಕೇಳ್ತಾರ?"

ಅಷ್ಟರಲ್ಲಿ ಮೇಲೆ ಉರಿ ಎದ್ದಿತು. ಶಂಭುಲಿಂಗ ಅದೇ ಕ್ಷಣಕ್ಕೆ ಟವೆಲ್ಲಿನೊಳಗೆ ಭರ್ರೆಂದು ಸಪ್ಪಳ ತೆಗೆದ. ಉರಿ ನಿಂತೊಡನೆ ತಾನೂ ನಿಲ್ಲಿಸಿದ. ಕಣ್ಣಿಗೆ ಕಂಡದ್ದೂ ಕಿವಿಗೆ ಕೇಳಿದ್ದೂ ಕೂದಲೆಳೆಯಷ್ಟು ತಪ್ಪಬಾರದು. ಒಲೆಯ ಬಿಡುವು ನೋಡಿಯೇ ಮಾತು ಜೋಡಿಸುತ್ತಿದ್ದ, ತಾಳ ನೋಡಿ ಹಾಡಿದ ಹಾಗೆ.

"ಅಲ್ರಿ," ಪ್ರೇಮವ್ವ ಕಣ್ಣಿಗೆ ಕೈ ಅಡ್ಡ ಹಿಡಿದಳು, "ನೀವು ಎರಡೂ ಕೈ ಬೀಸಾಕತ್ತೀರಿ. ಫೋನ್ ಎಲ್ಲೈತಿ?"

ಶಂಭುಲಿಂಗ ತೂತಿನಿಂದ ಕಣ್ಣು ಕಿತ್ತು ಮೇಲೆ ನೋಡಿದ. ಸಾವ್ಕಾರ್ರು ಚುನಾವಣೆಗೆ ನಿಂತವರ ಹಾಗೆ ಎರಡೂ ಕೈ ಎತ್ತಿ ಊರಿಗೆಲ್ಲ ಬೀಸುತ್ತಿದ್ದುದು ಹೌದು.

"ಫೌಜದಾರ್ರು ನನ್ನ ಕಿವಿಗೆ ಹಿಡಕೊಂಡು ನಿಂತಾರ," ಎಂದ. "ನನ್ನ ಕಿಮ್ಮತ್ತು ಊರಿಗೆಲ್ಲ ಗೊತ್ತೈತಿ. ನಿನಗೊಬ್ಬಾಕಿಗೆ ಗೊತ್ತಿಲ್ಲ ನೋಡು."

ಆ ಬಡಿವಾರ ಕೇಳಿದ ಮೇಲೆ ಇದು ಗಂಡನೇ ಎಂಬುದರಲ್ಲಿ ಪ್ರೇಮವ್ವನಿಗೆ ಯಾವ ಸಂಶಯವೂ ಉಳಿಯಲಿಲ್ಲ. "ಆತು, ಏನ ಮಾಡ್ಲಿ ಹೇಳ್ರಿ," ಎಂದಳು.

"ಡಾಬು ತಗದು ಹಳೇ ಅರಬ್ಯಾಗ ಸುತ್ತಿ, ಹಿತ್ತಲದಾಗಿನ ಗೋಣಿಚೀಲದ ಬುಡಕ ಇಡು. ಕೀಲಿ ಹಾಕಿ ನಿಮ್ಮ ಅಕ್ಕನ ಮನಿಗೆ ನಡಿ. ನಾ ಬರೂತನ ಯಾರ ಮುಂದೂ ಬಾಯಿ ಬಿಡಬ್ಯಾಡ. ಲಗೂ."

ಮಂಡಿನೋವು ಎಲ್ಲಿ ಹೋಯಿತೋ, ಪ್ರೇಮವ್ವ ಒಳಗೆ ಓಡಿದಳು. ಶಂಭುಲಿಂಗ ಎರಡು ಸಲ ಮೆಣಸಿನಕಾಯಿ ತಿರುವುವಷ್ಟರಲ್ಲಿ ಗಂಟು ಹೊರಬಂದು ಚೀಲಗಳ ಬುಡ ಸೇರಿತು. ಬಾಗಿಲಿಗೆ ಕೀಲಿ ಬಿತ್ತು. ಹಸಿರು ಸೀರೆ ಓಣಿಯ ತಿರುವಿನಲ್ಲಿ ಮರೆಯಾಯಿತು. ಮೊಬೈಲು ಆರಿಸಿ ಒಳಜೇಬಿಗಿಟ್ಟು, ಬಟ್ಟೆ ಜಾಡಿಸಿಕೊಂಡು ಅವನು ಎದ್ದು ನಿಂತ. ಬಲೂನು ಮುಂದೆ ಸಾಗಿದ ಮೇಲೆ ಹಿತ್ತಲಿಗಿಳಿದು ಗಂಟು ಎತ್ತುವ ಐದು ನಿಮಿಷದ ಕೆಲಸ ಬಾಕಿ. ರಾಣೇಬೆನ್ನೂರಿನ ಬೋರ್ಡಿಗೆ ಹಸಿರು ಅಕ್ಷರವೋ ಕೆಂಪೋ ಎಂಬುದೊಂದೇ ಇನ್ನೂ ಗಟ್ಟಿಯಾಗಿರಲಿಲ್ಲ.

"ಏ ಶಂಭುಲಿಂಗಾ," ಎಂದು ತಲೆಯ ಮೇಲಿನಿಂದ ಸಾವಕಾಶದ ದನಿಯೊಂದು ಇಳಿಯಿತು. ಫೌಜದಾರ್ರು ಬುಟ್ಟಿಯ ಅಂಚಿಗೆ ಮೊಣಕೈ ಊರಿ ಕೆಳಗೆ ಬಗ್ಗಿದ್ದರು. ಪಕ್ಕದಲ್ಲಿ ಸಾವ್ಕಾರ್ರು, ಬೀಸುತ್ತಿದ್ದ ಕೈಗಳನ್ನು ಮೇಲೆಯೇ ಮರೆತು, ಸುಣ್ಣದಂತೆ ಬಿಳಿಚಿ ನಿಂತಿದ್ದರು. "ಆ ದನಿ ಇನ್ನೊಂದ್ಸಲ ತಗೀಪಾ. ನಾ ಯಾರ ಕಿವ್ಯಾಗೂ ಏನೂ ಹೇಳಿಲ್ಲ, ಯಾರ ಫೋನೂ ಹಿಡದಿಲ್ಲ. ಸಾವ್ಕಾರ್ರು ನನ್ನ ಬಾಜೂಕ ಬಾಯಿ ಮುಚ್ಚಿಗೊಂಡ ನಿಂತಾರ, ಮತ್ತ ಅವರ ಮಾತು ನಿನ್ನ ಮಾಳಗಿಯಿಂದ ಬರಾಕತ್ತೈತಿ. ಅಲ್ಲೇ ಇರು, ಇಳಿದು ಬರ್ತೇನಿ." ನೆಲದಲ್ಲಿ ನಿಂತು ಕೇಳಿದವನಿಗೆ ಬಲೂನೆಂದರೆ ಬರೀ ಆರ್ಭಟ. ಆದರೆ ಮೇಲೆ, ಒಲೆ ಆರಿದ ಆ ಅರ್ಧ ನಿಮಿಷದಲ್ಲಿ, ಗಾಳಿಯ ಜೊತೆಗೇ ಹೋಗುವುದರಿಂದ ಗಾಳಿಯ ಸಪ್ಪಳವೂ ಇರುವುದಿಲ್ಲ, ಅಷ್ಟು ನಿಶ್ಶಬ್ದ. ಕೆಳಗೆ ಕೋಳಿ ಕೂಗಿದರೆ, ಕೊಡ ಇಟ್ಟರೆ, ಯಾರಾದರೂ ಒದರಿದರೆ, ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ವಚ್ಛವಾಗಿ ಏರಿ ಬರುತ್ತದೆ. ಬುಟ್ಟಿ ಹತ್ತಿದ ಯಾರಿಗಾದರೂ ಮೊದಲ ನಿಮಿಷದಲ್ಲೇ ತಿಳಿಯುವ ಸಂಗತಿ. ಶಂಭುಲಿಂಗನಿಗೆ ತಿಳಿದಿರಲಿಲ್ಲ, ಅವನನ್ನು ಯಾರೂ ಹತ್ತಿಸಿರಲಿಲ್ಲ.