ಶಫತ್‌ನ ಕೊಡ

ನಮ್ಮ ಅರ್ವಾದ್ ದ್ವೀಪದಲ್ಲಿ ಬಾವಿಯಿಲ್ಲ. ಈಜಿಪ್ಟಿನ ದೊರೆಗೂ ಅಸ್ಸೀರಿಯಾದ ದೊರೆಗೂ ಜಗಳ ಹತ್ತಿ, ನಾವು ನೀರು ತರುವ ಎದುರು ದಡ ಮುಚ್ಚಿದಾಗಲೆಲ್ಲ, ಕಡಲ ತಳದ ಬುಗ್ಗೆಯ ಮೇಲೆ ಸೀಸದ ದೊಡ್ಡ ಆಲಿಕೆ ಕವುಚಿ, ಅದಕ್ಕೆ ಕಟ್ಟಿದ ತೊಗಲಿನ ಕೊಳವೆಯಿಂದ ದೋಣಿಗೆ ಸಿಹಿನೀರು ತುಂಬಿಕೊಳ್ಳುತ್ತೇವೆ. ಮೊದಲ ಕೊಡದಲ್ಲಿ ಉಪ್ಪು ಬೆರೆತಿರುತ್ತದೆ. ಅದನ್ನು ಕಡಲಲ್ಲಿ ಸತ್ತವರ ಹೆಸರು ಹೇಳಿ ಕಡಲಿಗೇ ಸುರಿಯುವುದು ವಾಡಿಕೆ.

ನನ್ನ ಗಂಡ ಶಫತ್‌ನನ್ನು ಅಸ್ಸೀರಿಯಾದವರು ಹಡಗಿನಲ್ಲಿ ಹುಟ್ಟು ಎಳೆಯಲು ಒಯ್ದು ವರ್ಷಗಳಾಗಿದ್ದವು. ದಡ ಮತ್ತೆ ಮುಚ್ಚಿದ್ದ ಒಂದು ದಿನ ದೋಣಿಯಲ್ಲಿ ಮಾವ ಆ ಮೊದಲ ಕೊಡವನ್ನು ನನ್ನ ಕೈಗಿಟ್ಟರು.

“ಇನ್ನೆಷ್ಟು ದಿನ ದಾರಿ ಕಾಯ್ತೀಯವ್ವ? ಸುರಿದ್ಬಿಡು. ಅವನಿಗೂ ಬಾಯಾರಿರುತ್ತೆ.”

“ಬದುಕಿದ್ರೆ, ಮಾವ?”

“ಬದುಕಿದ್ರೆ ಬಂದು ನನ್ನ ಬೈಲಿ. ಅವನ ಬೈಗುಳ ಕೇಳಿ ಎಷ್ಟು ದಿನ ಆಯ್ತು.”

ಹೆಸರು ಹೇಳಿ ಸುರಿದೆ.

ಕೊಳವೆಯಲ್ಲಿ ನೀರು ನಿಂತಿತು. ಆಮೇಲೆ ಕೆಳಕ್ಕೆ ಇಳಿಯತೊಡಗಿತು. ತಣ್ಣಗಿರಬೇಕಾದ ತೊಗಲು ಮೈಯಂತೆ ಬೆಚ್ಚಗಾಯಿತು. ಕಿವಿಯಿಟ್ಟರೆ ಒಳಗೆ ಉಸಿರು, ಹುಟ್ಟು ಎಳೆಯುವವರು ಬಿಡುವಂಥದ್ದು, ಒಂದೇ ಲಯದಲ್ಲಿ. ಮಾವನೂ ಕೇಳಿಸಿಕೊಂಡು ಕೈ ಹಿಂತೆಗೆದರು.

“ಸತ್ತಿಲ್ಲ ಅಂದ್ಬಿಡು,” ಎಂದರು ಮೆಲ್ಲಗೆ. “ಊರಿಗೆ ನೀರು ಬೇಕು ಮಗಳೇ.”

“ಶಫತ್ ಸತ್ತಿಲ್ಲ,” ಎಂದೆ. ನೀರು ಉಕ್ಕಿ ಬಂತು, ಸಿಹಿಯಾಗಿ.

ಚಳಿಗಾಲ ಕಳೆದು ದೊರೆಗಳು ರಾಜಿಯಾದರು. ಅವನಿದ್ದ ಹಡಗು ಮರಳಿತು. ಅವನ ಪಕ್ಕ ಕೂರುತ್ತಿದ್ದವನು ಮನೆಗೆ ಬಂದು, ಆ ದೋಣಿಯ ದಿನಕ್ಕೂ ಬಹಳ ಮೊದಲೇ ಸತ್ತ ಶಫತ್‌ನನ್ನು ತಾನೇ ಕಡಲಿಗಿಳಿಸಿದೆನೆಂದು ಹೇಳಿ ಅತ್ತ.

ಆದರೂ ದಡ ಮತ್ತೆ ಯಾವಾಗ ಮುಚ್ಚುವುದೋ, ಅವನನ್ನು ಸತ್ತವನೆಂದರೆ ಬುಗ್ಗೆಯ ನೀರು ಮತ್ತೆ ನಿಂತೀತೋ ಎಂಬ ಭಯ ಊರಿಗೆ. ಅವನಿಗಾಗಿ ಕೊಡ ಎತ್ತಿಕೊಂಡರೆ ಊರಿನವರು ಈಗಲೂ ನನ್ನ ಕೈಯಿಂದ ಕಸಿದುಕೊಳ್ಳುತ್ತಾರೆ.